ಎರಡು ಸಲ ಬೋರ್ ಮಾಡಿಸಿದರೂ ಆರ್‌ಎಕ್ಸ್ 100 ಮತ್ತೆ ಜಾಮ್: ತಪ್ಪು ಬಿಸಿಲಿನದಲ್ಲ

ಪ್ರಶ್ನೆ: ನನ್ನದು 1994ರ ಯಮಹಾ ಆರ್‌ಎಕ್ಸ್ 100. ಇರೋದು ಬಳ್ಳಾರಿ ಕೌಲ್ ಬಜಾರ್. ಹೋದ ವರ್ಷ ಎಂಜಿನ್ ಜಾಮ್ ಆಯ್ತು ಅಂತ 0.50 ಬೋರ್ ಮಾಡಿಸಿದೆ, ಅಂದರೆ ಸಿಲಿಂಡರ್ ಕೊರೆಸಿ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸಿದೆ. ಈ ವರ್ಷ ಮತ್ತೆ ಜಾಮ್, 1.00 ಬೋರ್ ಆಯ್ತು. ಅದಾಗಿ 600 ಕಿ.ಮೀ. ಓಡಿರಬಹುದು, ಏಪ್ರಿಲ್ ಮಧ್ಯಾಹ್ನ ಸಿರುಗುಪ್ಪ ರಸ್ತೆಯಲ್ಲಿ 75ರ ಆಸುಪಾಸಿನಲ್ಲಿ ಹೋಗ್ತಿರುವಾಗ ಹಿಂದಿನ ಚಕ್ರ ಹಿಡಿದಂಗಾಗಿ ನಿಂತೇ ಬಿಡ್ತು. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಚಾಲೂ ಆಯ್ತು, ಆದರೆ ಪಿಕಪ್ ಇಲ್ಲ, ಒಳಗೆ ಕಟಕಟ ಸದ್ದು. ಮೆಕ್ಯಾನಿಕ್ ಹೇಳೋದು ನಮ್ಮೂರ ಬಿಸಿಲು, ಮೇಲೆ ಈ ಎಥೆನಾಲ್ ಪೆಟ್ರೋಲು, ಅದಕ್ಕೇ ಹಿಂಗಾಗ್ತದೆ ಅಂತ. ಆಯಿಲ್ ಪಂಪ್ ಮೊದಲ ಸಲ ಬೋರ್ ಮಾಡಿಸಿದಾಗಲೇ ತೆಗೆಸಿದೀವಿ. ಪೆಟ್ರೋಲಿಗೇ ಲೀಟರಿಗೆ 30 ಮಿ.ಲೀ. ಟೂ-ಟಿ ಆಯಿಲ್ ಹಾಕ್ತೀನಿ, ಈಗ 60 ಹಾಕು ಅಂತಾರೆ. ಗೆಳೆಯರು ಏರ್ ಫಿಲ್ಟರ್ ತೆಗೆದುಬಿಡು, ಗಾಡಿ ತಣ್ಣಗಿರ್ತದೆ ಅಂತಾರೆ. ಇನ್ನೊಬ್ಬರು ಆರ್‌ಎಕ್ಸ್ 135ರ ಬ್ಲಾಕ್ (ಸಿಲಿಂಡರ್) ಕೂಡಿಸು ಅಂತಾರೆ. ಬ್ಲಾಕ್ ಇನ್ನೂ ಬಿಚ್ಚಿಲ್ಲ. ಹೋದ ಸಲದ ಪಿಸ್ಟನ್ ಮನೆಯಲ್ಲೇ ಇದೆ, ಸೈಲೆನ್ಸರ್ ಕಡೆ ಗೀರು ಬಿದ್ದಿದೆ. ಇನ್ನೊಂದು ಮಾತು, ಗಾಡಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಥ್ರಾಟಲ್ ಬಿಟ್ಟರೂ ರೇಸ್ ತಾನಾಗಿ ಏರಿ ಸ್ವಲ್ಪ ಹೊತ್ತು ಹಾಗೇ ನಿಲ್ತದೆ. ಮೂರನೇ ಸಲ ದುಡ್ಡು ಹಾಕಲೋ, ಮಾರಲೋ?

ಉತ್ತರ: ಸದ್ಯಕ್ಕೆ ಮಾರಬೇಡಿ, ಬೋರ್ ಕೂಡ ಮಾಡಿಸಬೇಡಿ. ಬ್ಲಾಕ್ ಬಿಚ್ಚದೇ ಇರುವುದು ಒಳ್ಳೆಯದೇ ಆಯಿತು. ಹಾಗೇ ಇರಲಿ.

ನಿಮ್ಮ ಪತ್ರದ ಮುಖ್ಯ ವಿಷಯ ಕೊನೆಯಲ್ಲಿದೆ. ಬಿಸಿಯಾದ ಮೇಲೆ ಥ್ರಾಟಲ್ ಬಿಟ್ಟರೂ ರೇಸ್ ಇಳಿಯುವುದಿಲ್ಲ ಎಂದಿದ್ದೀರಿ. ಟೂ-ಸ್ಟ್ರೋಕ್ ಎಂಜಿನ್ ಹೀಗೆ ಮಾಡಿದರೆ, ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲೋ ಒಂದು ಕಡೆ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಹಾಗೆ ಕಳ್ಳದಾರಿಯಲ್ಲಿ ಬಂದ ಗಾಳಿಗೆ ಜೊತೆಯಾಗಿ ಪೆಟ್ರೋಲು ಬರುವುದಿಲ್ಲ, ಪೆಟ್ರೋಲಿನೊಳಗಿನ ಆಯಿಲ್ಲೂ ಬರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ), ಪಿಸ್ಟನ್ ತಲೆ ಕಾಯುತ್ತದೆ, ಸೈಲೆನ್ಸರ್ ಕಡೆಯ ಮೈ ಹಿಗ್ಗಿ ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ಒತ್ತಿ ಗೀರು ಬೀಳುತ್ತದೆ. ನಿಮ್ಮ ಹಳೇ ಪಿಸ್ಟನ್ ಹೇಳುತ್ತಿರುವುದೂ ಇದನ್ನೇ. ಬೋರ್ ಮಾಡಿಸಿದಾಗ ಹೊಸದಾಗಿದ್ದು ಗೋಡೆ ಮತ್ತು ಪಿಸ್ಟನ್ ಮಾತ್ರ. ಗಾಳಿ ಬರುವ ದಾರಿಯನ್ನು ಯಾರೂ ಮುಟ್ಟಿಲ್ಲ. ಅದನ್ನು ಹುಡುಕದೆ ಮೂರನೇ ಸಲ ಬೋರ್ ಮಾಡಿಸಿದರೆ ಮೂರನೇ ಸಲವೂ ಜಾಮ್ ಆಗುತ್ತದೆ.

ಒಂದು ಎಚ್ಚರಿಕೆ. ಥ್ರಾಟಲ್ ಕೇಬಲ್ ಒಣಗಿ ಹಿಡಿದರೂ, ಕಾರ್ಬೊರೇಟರಿನ ಸ್ಲೈಡ್ (ಥ್ರಾಟಲ್ ತಿರುವಿದಂತೆ ಮೇಲೇರುವ ತುಂಡು) ಸವೆದು ಸಿಕ್ಕಿಕೊಂಡರೂ ರೇಸ್ ನಿಲ್ಲುತ್ತದೆ. ಎಂಜಿನ್ ಬಂದ್ ಇರುವಾಗ ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪ್ರತಿ ಸಲ ಥ್ರಾಟಲ್ ತಿರುವಿ ಬಿಡಿ. ಸ್ಲೈಡ್ ಟಕ್ ಎಂದು ಕೆಳಗೆ ಬೀಳುವ ಸದ್ದು ಕೇಳಬೇಕು. ಅದು ಸರಿ ಇದ್ದರೆ ಮುಂದಕ್ಕೆ ಹೋಗಿ.

ಬಿಸಿಲಿನ ಮಾತು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್–ಮೇ ಬಂತೆಂದರೆ 42–43 ಡಿಗ್ರಿ ಹೊಸದೇನಲ್ಲ. ಈ ಬಿಸಿಲಿನಲ್ಲಿ ಎಂಜಿನ್ನಿನ ರೆಕ್ಕೆಗಳ ಮೇಲೆ ಹಾಯುವ ಗಾಳಿಯೇ ಬಿಸಿ, ಎಂಜಿನ್ ಆರುವುದು ನಿಧಾನ. ಇಷ್ಟು ನಿಜ. ಆದರೆ ಅದೇ ಬಿಸಿಲಿಗೆ ಇನ್ನೊಂದು ಮುಖವಿದೆ. 25 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು ಶೇ 6ರಷ್ಟು ಹಗುರ. ಕಾರ್ಬೊರೇಟರಿಗೆ ಅದು ತಿಳಿಯುವುದಿಲ್ಲ, ಪೆಟ್ರೋಲನ್ನು ಆ ಪ್ರಮಾಣದಲ್ಲಿ ಇಳಿಸುವುದಿಲ್ಲ. ಹಾಗಾಗಿ ಬೇಸಿಗೆ ಮಧ್ಯಾಹ್ನ ಮಿಶ್ರಣ ತುಸು ದಪ್ಪವೇ ಆಗುತ್ತದೆ. ಸೆಟ್ಟಿಂಗ್ ಸರಿ ಇರುವ ಆರ್‌ಎಕ್ಸ್ ಈ ಬಿಸಿಲನ್ನು ತಡೆದುಕೊಳ್ಳುತ್ತದೆ. 1985ರಿಂದ 1996ರವರೆಗೆ ತಯಾರಾದ ಈ ಗಾಡಿ ನಮ್ಮ ಕಡೆ ಎಷ್ಟೋ ಬೇಸಿಗೆ ಕಂಡಿದೆ. ಬಿಸಿಲು ಮಾಡುವ ಕೆಲಸ ಇಷ್ಟೇ: ಒಳಗೆ ಮೊದಲೇ ಇದ್ದ ದೋಷಕ್ಕೆ ಉಳಿದಿದ್ದ ಅಂಚನ್ನು ತಿಂದುಹಾಕುತ್ತದೆ.

ಎಥೆನಾಲ್ ಬಗ್ಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಬರಿ ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಇದು 13.5ರ ಸುಮಾರಿಗೆ ಇಳಿಯುತ್ತದೆ. ಅಂದರೆ ಎಥೆನಾಲ್ ಇಲ್ಲದ ಕಾಲದಲ್ಲಿ ಹಾಕಿದ ಜೆಟ್ಟುಗಳೇ (ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ತುಂಡುಗಳು) ಇದ್ದರೆ ಮಿಶ್ರಣ ಶೇ 7–8ರಷ್ಟು ತೆಳು. ಇದನ್ನು ಜೆಟ್ ಬದಲಿಸಿ ಸರಿಪಡಿಸಬಹುದು, ವಿಧಾನ ಮುಂದೆ ಹೇಳುತ್ತೇನೆ. ಆದರೆ ಇದೊಂದೇ ಕಾರಣಕ್ಕೆ ಸಿಗ್ನಲ್‌ನಲ್ಲಿ ರೇಸ್ ತಾನಾಗಿ ಏರುವುದಿಲ್ಲ.

ಎಥೆನಾಲ್ ಇನ್ನೊಂದು ಕೆಲಸ ಮಾಡುತ್ತದೆ. ಮೂವತ್ತು ವರ್ಷ ಹಳೆಯ ರಬ್ಬರುಗಳನ್ನು, ಅಂದರೆ ಪೆಟ್ರೋಲ್ ಪೈಪು, ಕಾಕ್‌ನ ವಾಷರು, ಕಾರ್ಬೊರೇಟರ್ ಜಾಯಿಂಟನ್ನು, ಉಬ್ಬಿಸಿ ಆಮೇಲೆ ಬಿರುಕು ಬಿಡಿಸುತ್ತದೆ. ಅದು ನೇರವಾಗಿ ಗಾಳಿ ಸೋರಿಕೆಗೆ ದಾರಿ.

ಆಯಿಲ್ ಜಾಸ್ತಿ ಹಾಕಿದರೆ?

60 ಮಿ.ಲೀ. ಬೇಡ. ಲೀಟರಿಗೆ 30 ಮಿ.ಲೀ. ಎಂದರೆ ಸುಮಾರು 33ಕ್ಕೆ ಒಂದು ಪಾಲು. ಜಪಾನಿನ ಆಯಿಲ್ ಗುಣಮಟ್ಟವಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಆಯಿಲ್ ಆದರೆ ಇದು ಧಾರಾಳ ಸಾಕು. ಜೆಟ್‌ನ ತೂತು ಅಳೆದು ಬಿಡುವುದು ಆಯಿಲ್ ಬೆರೆತ ಪೆಟ್ರೋಲನ್ನು. ಆಯಿಲ್ ಪಾಲು ಏರಿದಷ್ಟೂ ಅದೇ ತೂತಿನಿಂದ ಬರುವ ಪೆಟ್ರೋಲಿನ ಪಾಲು ಇಳಿಯುತ್ತದೆ. ಮೇಲಾಗಿ ದಪ್ಪ ದ್ರವ ನಿಧಾನವಾಗಿ ಹರಿಯುತ್ತದೆ. ಜಾಮ್ ತಪ್ಪಿಸಲು ಸುರಿದ ಆಯಿಲ್ಲೇ ಮಿಶ್ರಣವನ್ನು ಇನ್ನಷ್ಟು ತೆಳು ಮಾಡುತ್ತದೆ. ಜೊತೆಗೆ ರಿಂಗ್ ಕೂರುವ ತೋಡಿನಲ್ಲಿ ಮಸಿ ಕಟ್ಟಿ ರಿಂಗ್ ಹಿಡಿಯುತ್ತದೆ, ಎಕ್ಸಾಸ್ಟ್ ಪೋರ್ಟು (ಹೊಗೆ ಹೊರಹೋಗುವ ಕಂಡಿ) ಕಿರಿದಾಗುತ್ತದೆ, ಪ್ಲಗ್ ಆಗಾಗ ಹೋಗುತ್ತದೆ.

ಏರ್ ಫಿಲ್ಟರ್ ತೆಗೆಯುವ ಸಲಹೆಯಂತೂ ಬೇಡವೇ ಬೇಡ. ಫಿಲ್ಟರ್ ತೆಗೆದರೆ ಮಿಶ್ರಣ ತೆಳುವಾಗುತ್ತದೆ, ತಣ್ಣಗಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಧೂಳು. ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಗಳ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರು ಇದೆ. ಅದು ಪಿಸ್ಟನ್ನಿನ ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಫಿಲ್ಟರ್ ಇಲ್ಲದೆ ಓಡಿಸಿದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನೋಡಿ: ಕಾರ್ಬೊರೇಟರ್ ಕಡೆಯ ಮೈ ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಕೂದಲೆಳೆಯಂಥ ಉದ್ದ ಗೆರೆಗಳಿರುತ್ತವೆ, ಕೆಳ ಅಂಚು ಬೆರಳಿಗೆ ಚೂಪಾಗಿ ತಾಗುತ್ತದೆ. ಸ್ಪಂಜ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ ಸಮನಾಗಿ ಹಿಂಡಿ ಕೂಡಿಸಿ. ಬೇಸಿಗೆಯಲ್ಲಿ, ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹೋಗುವವರು ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸ ಇದು. ಪೆಟ್ರೋಲಿನಲ್ಲಿ ತೊಳೆಯಬೇಡಿ, ಅಂಟು ಬಿಡುತ್ತದೆ.

ಗಾಳಿ ಎಲ್ಲಿಂದ ಬರುತ್ತಿದೆ?

ನಿಮ್ಮ ಗಾಡಿಯಲ್ಲಿ ಮೂರು ಜಾಗ ನೋಡಬೇಕು. ಮೊದಲನೆಯದು ಪಂಪ್ ತೆಗೆದ ಜಾಗ. ಆರ್‌ಎಕ್ಸ್‌ನ ಆಯಿಲ್ ಪಂಪಿನಿಂದ ಒಂದು ತೆಳು ಪೈಪ್ ಒಳದಾರಿಗೆ ಬಂದು ಆಯಿಲ್ ಹನಿಸುತ್ತದೆ. ಪಂಪ್ ತೆಗೆದಾಗ ಆ ಪೈಪ್ ಕೂರುವ ನಿಪ್ಪಲ್ಲಿನ ಬಾಯಿಗೆ ಏನು ಹಾಕಿದರು ಎಂದು ಕೇಳಿ, ಕೇಳುವುದಕ್ಕಿಂತ ಬಗ್ಗಿ ನೋಡಿ. ಅಲ್ಲಿ ಸಿಗುವುದು ಒಂದು ತುಂಡು ಪೈಪು ಮಡಿಸಿ ಕಟ್ಟಿದ ತಂತಿ, ಒಳಗೆ ತುರುಕಿದ ಸ್ಕ್ರೂ, ಅಥವಾ ಬರೀ ಎಂಸೀಲ್. ತಣ್ಣಗಿರುವಾಗ ಇದು ಗಾಳಿ ಹಿಡಿಯುತ್ತದೆ, ಎಂಜಿನ್ ಬಿಸಿಗೆ ಮೆತ್ತಗಾಗಿ ಬಿಡುತ್ತದೆ. ಬಿಸಿಯಾದ ಮೇಲೆ ಮಾತ್ರ ರೇಸ್ ಏರುತ್ತದೆ ಎಂಬ ನಿಮ್ಮ ಮಾತಿಗೆ ಇದು ಸರಿಹೊಂದುತ್ತದೆ. ನಿಮ್ಮ ಮೊದಲ ಜಾಮ್ ಪಂಪ್ ತೆಗೆಯುವ ಮೊದಲಿನದು, ಹಾಗಾಗಿ ಇದೊಂದನ್ನೇ ನಂಬಿ ಕೂರುವಂತಿಲ್ಲ.

ಎರಡನೆಯದು ಕಾರ್ಬೊರೇಟರಿಗೂ ಬ್ಲಾಕಿಗೂ ನಡುವಿನ ಜಾಯಿಂಟು ಮತ್ತು ರೀಡ್ ವಾಲ್ವಿನ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಬಾಗಿಲು) ಪ್ಯಾಕಿಂಗ್. ಜಾಯಿಂಟನ್ನು ಬಿಚ್ಚಿ ಕೈಯಲ್ಲಿ ಬಗ್ಗಿಸಿ ನೋಡಿದರೆ ಮಾತ್ರ ಬಿರುಕು ಬಾಯಿ ಬಿಡುತ್ತದೆ. ಹಳೇ ಪ್ಯಾಕಿಂಗಿಗೇ ಬಾಂಡ್ ಮೆತ್ತಿ ಕೂಡಿಸಿದ್ದರೆ ತೆಗೆದು ಹೊಸದು ಹಾಕಿ.

ಮೂರನೆಯದೇ ಬಹಳ ಸಲ ಸಿಗುವ ಕಳ್ಳ: ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಕ್ರ್ಯಾಂಕ್ ಆಯಿಲ್ ಸೀಲು. ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಎರಡೂ ತುದಿಯಲ್ಲಿ ಒಂದೊಂದು ಸೀಲು ಇದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ಸೈಲೆನ್ಸರಿನಲ್ಲಿ ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಮಾಲೀಕರಿಗೆ ಗೊತ್ತಾಗುತ್ತದೆ. ಮ್ಯಾಗ್ನೆಟ್ ಕಡೆ ಆಯಿಲ್ ಇಲ್ಲ, ಬರೀ ಗಾಳಿ. ಅದು ಹೋದರೆ ಹೊಗೆಯಿಲ್ಲ, ಸೋರಿಕೆಯ ಕಲೆಯೂ ಹೊರಗೆ ಕಾಣುವುದಿಲ್ಲ. ನಮ್ಮ ಕಡೆ ಇನ್ನೊಂದು ತೊಂದರೆ, ಒಂದೆರಡು ಸಲ ರಿಪೇರಿಯಾದ ಮೇಲೆ ಮ್ಯಾಗ್ನೆಟ್ ಕವರಿನ ಪ್ಯಾಕಿಂಗ್ ಕಾಣೆಯಾಗಿರುತ್ತದೆ. ಕೆಂಪು ಧೂಳು ಒಳಗೆ ಕೂತು ಸೀಲಿನ ತುಟಿಯನ್ನು ಹೊರಗಿನಿಂದ ಉಜ್ಜುತ್ತಿರುತ್ತದೆ. ಕವರ್ ತೆಗೆದಾಗ ಸೀಲಿನ ಸುತ್ತ ಹಸಿ ಹಸಿ ಕಪ್ಪು ಕೆಸರು ಕಂಡರೆ ಸೀಲ್ ಬಾಯಿ ಬಿಟ್ಟಿದೆ ಎಂದೇ ತಿಳಿಯಿರಿ. ಒಳಗಿಂದ ಪೆಟ್ರೋಲು-ಆಯಿಲ್ ಹೊರಗೆ ಒಸರದೆ ಅಲ್ಲಿ ಕೆಸರು ಆಗುವುದಿಲ್ಲ.

ಬಿಚ್ಚುವ ಮೊದಲು ಈ ಪರೀಕ್ಷೆ

ಬ್ಲಾಕ್ ಬಿಚ್ಚಬೇಡಿ ಎಂದದ್ದು ಇದಕ್ಕೇ. ಒಮ್ಮೆ ಬಿಚ್ಚಿದರೆ ಪ್ಯಾಕಿಂಗುಗಳು ಹರಿಯುತ್ತವೆ, ಗಾಳಿ ಎಲ್ಲಿಂದ ಬರುತ್ತಿತ್ತು ಎಂಬ ಸಾಕ್ಷಿ ಅಲ್ಲಿಗೆ ಮುಗಿಯಿತು. ಈಗ ಎಂಜಿನ್ ಜೋಡಣೆಯಲ್ಲೇ ಇರುವುದರಿಂದ ಒತ್ತಡದ ಪರೀಕ್ಷೆ ಮಾಡಬಹುದು. ದೊಡ್ಡ ಸಲಕರಣೆ ಬೇಡ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮುಳ್ಳಿನ ಗಡಿಯಾರದ ಬಿಪಿ ಯಂತ್ರ ಸಾಕು, ಅದರ ಬಲ್ಬು ಮತ್ತು ಗೇಜು ಮಾತ್ರ ಬೇಕು. ಅದರ 300ರ ಗುರುತು ಎಂದರೆ ಸುಮಾರು 5.8 ಪಿಎಸ್‌ಐ, ಈ ಕೆಲಸಕ್ಕೆ ಬೇಕಾದಷ್ಟೇ ಒತ್ತಡ.

ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಪೋರ್ಟಿಗೆ ದಪ್ಪ ರಬ್ಬರ್ ಹಾಳೆಯಿಟ್ಟು ಮೇಲೊಂದು ಕಬ್ಬಿಣದ ಪಟ್ಟಿಯಿಂದ ಬಿಗಿಯಿರಿ. ಕಾರ್ಬೊರೇಟರ್ ಕಳಚಿ, ಜಾಯಿಂಟ್ ಅಲ್ಲೇ ಇರಲಿ, ಅದರ ಬಾಯಿಗೆ ಸರಿಯಾಗಿ ಕೂರುವ ರಬ್ಬರ್ ಬಿರಡೆ ಹಾಕಿ ಕ್ಲಿಪ್ ಬಿಗಿ ಮಾಡಿ. ಬಿರಡೆಯ ನಡುವೆ ತೂತು ಕೊರೆದು ಬಿಪಿ ಯಂತ್ರದ ಪೈಪ್ ತೂರಿಸಿ. ಗಾಳಿಯನ್ನು ಈ ಕಡೆಯಿಂದಲೇ ಹಾಕಬೇಕು. ಪ್ಲಗ್ ತೂತಿನಿಂದ ಹಾಕಿದರೆ ರೀಡ್ ವಾಲ್ವ್ ಮುಚ್ಚಿಕೊಂಡು ಜಾಯಿಂಟಿನ ಪರೀಕ್ಷೆ ಆಗುವುದೇ ಇಲ್ಲ. ಪ್ಲಗ್ ಬಿಗಿಯಾಗಿರಲಿ, ಕಿಕ್ಕನ್ನು ನಿಧಾನಕ್ಕೆ ಒತ್ತಿ ಪಿಸ್ಟನ್ ತಳಕ್ಕೆ ತನ್ನಿ. ಆಗ ಪೋರ್ಟುಗಳು ತೆರೆದು ಹೆಡ್ ಪ್ಯಾಕಿಂಗ್ ಕೂಡ ಪರೀಕ್ಷೆಗೆ ಬರುತ್ತದೆ. ಪಂಪಿನ ಹಳೇ ನಿಪ್ಪಲ್ ಈಗ ಹೇಗಿದೆಯೋ ಹಾಗೇ ಬಿಡಿ.

250ರವರೆಗೆ ಒತ್ತಿ, ಸ್ಕ್ರೂ ಮುಚ್ಚಿ, ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಕಡಿಮೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಬೇಗ ಇಳಿದರೆ ಸೋಪು ನೀರನ್ನು ಬ್ರಶ್‌ನಿಂದ ಹಚ್ಚುತ್ತಾ ಹೋಗಿ: ಮೊದಲು ನೀವೇ ಹಾಕಿದ ಬಿರಡೆ ಮತ್ತು ಪಟ್ಟಿ, ಆಮೇಲೆ ನಿಪ್ಪಲ್, ಜಾಯಿಂಟ್, ರೀಡ್ ಪ್ಯಾಕಿಂಗ್, ಬ್ಲಾಕಿನ ಬುಡ, ಹೆಡ್, ಕೊನೆಗೆ ಮ್ಯಾಗ್ನೆಟ್ ಸೀಲು. ಸೀಲಿನವರೆಗೆ ಕೈ ಹೋಗಲು ಮ್ಯಾಗ್ನೆಟ್ ಚಕ್ರ ತೆಗೆಯಬೇಕು. ಅದಕ್ಕೆ ಪುಲ್ಲರ್ ಬೇಕು, ಸುತ್ತಿಗೆ ಬೇಡ. ಸುತ್ತಿಗೆ ಏಟಿಗೆ ಕ್ರ್ಯಾಂಕ್ ಅಲೈನ್‌ಮೆಂಟ್ ಹೋಗುತ್ತದೆ. ಎಲ್ಲೂ ಗುಳ್ಳೆ ಏಳದೆ ಒತ್ತಡ ಮಾತ್ರ ಇಳಿಯುತ್ತಿದ್ದರೆ ಗೇರ್ ಆಯಿಲ್ ಹಾಕುವ ಬಾಯಿಗೆ ಕಿವಿ ಕೊಡಿ. ಅಲ್ಲಿ ಸುಯ್ ಎಂದರೆ ಕ್ಲಚ್ ಕಡೆಯ ಸೀಲು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಒಳ್ಳೆಯ ಸೀಲೂ ಕಿತ್ತು ಬರುತ್ತದೆ.

ಪ್ಲಗ್ ಕಡೆ, ಪೋರ್ಟ್ ಕಡೆ ಏನೂ ಸೋರದೆ ಒತ್ತಡ ನಿಂತರೆ, ಬಿರಡೆಯ ತೂತು ಮುಚ್ಚಿ, ಪ್ಲಗ್ ತೂತಿನಿಂದ ಗಾಳಿ ಎಳೆದೂ ನೋಡಬೇಕು. ಜಾಯಿಂಟ್ ಕಡೆಯಿಂದ ಎಳೆದರೆ ರೀಡ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ಕೆಲವು ಸೀಲುಗಳ ತುಟಿ ಒತ್ತುವಾಗ ಕೂರುತ್ತದೆ, ಎಳೆಯುವಾಗ ಬಿಡುತ್ತದೆ. ಕೈಯ ವ್ಯಾಕ್ಯೂಮ್ ಪಂಪ್ ಇರುವ ಮೆಕ್ಯಾನಿಕ್ ಬಳಿ ಇದು ಎರಡು ನಿಮಿಷದ ಕೆಲಸ.

ಸೀಲ್ ಬದಲಿಸುವಾಗ

ಮೊದಲು ಮ್ಯಾಗ್ನೆಟ್ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕರೆ, ಅಥವಾ ಒಳಗಿನ ಕಾಯಿಲ್‌ಗಳ ಮೇಲೆ ಚಕ್ರ ಉಜ್ಜಿದ ಹೊಳೆಯುವ ಗುರುತಿದ್ದರೆ ಮೇನ್ ಬೇರಿಂಗ್ ಹೋಗಿದೆ. ಆಗ ಹೊಸ ಸೀಲ್ ಹಾಕಿದರೂ ಕ್ರ್ಯಾಂಕ್ ಕುಣಿದು ಕೆಲವೇ ದಿನದಲ್ಲಿ ಅದರ ತುಟಿ ತಿನ್ನುತ್ತದೆ. ಕೇಸ್ ಬಿಚ್ಚಿ ಬೇರಿಂಗ್, ಎರಡೂ ಸೀಲು, ಕನೆಕ್ಟಿಂಗ್ ರಾಡಿನ ಆಟ ಎಲ್ಲ ಒಟ್ಟಿಗೆ ನೋಡಿಸಿ. ಬೇರಿಂಗ್ ಸಿ3 ಕ್ಲಿಯರೆನ್ಸಿನದೇ (ಒಳಗೆ ತುಸು ಹೆಚ್ಚು ಸಡಿಲ ಇರುವುದು) ಇರಲಿ. ಆಟ ಇಲ್ಲದಿದ್ದರೆ ಸೀಲಿನ ಅಂಚನ್ನು ಗಮನಿಸಿ. ಒಳಗಿನಿಂದ ಹಿಡಿದಿಡುವ ಏಣು ಇಲ್ಲದ ಸೀಲನ್ನು ಹೊರಗಿಂದಲೇ ತೆಗೆದು ಹಾಕಬಹುದು, ಏಣು ಇದ್ದರೆ ಕೇಸ್ ಬಿಚ್ಚದೆ ದಾರಿಯಿಲ್ಲ. ತುಟಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್ ಕಡೆಗೆ. ಶಾಫ್ಟಿನ ಮೇಲೆ ಹಳೇ ತುಟಿ ಕೊರೆದ ಗೆರೆ ಉಗುರಿಗೆ ಸಿಕ್ಕರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಿ. ಕವರಿಗೆ ಹೊಸ ಪ್ಯಾಕಿಂಗ್ ಮರೆಯಬೇಡಿ.

ಪೆಟ್ರೋಲು ಸಾಕಷ್ಟು ಬರುತ್ತಿದೆಯೇ?

ಗಾಳಿ ಸೋರಿಕೆಯ ಪ್ರಭಾವ ಸಣ್ಣ ಥ್ರಾಟಲ್‌ನಲ್ಲಿ ಹೆಚ್ಚು. ನಿಮ್ಮ ಗಾಡಿ ಜಾಮ್ ಆದದ್ದು 75ರಲ್ಲಿ, ಒಂದೇ ಸಮನೆ ಎಳೆಯುವಾಗ. ಹಾಗಾಗಿ ಸೋರಿಕೆ ಸಿಕ್ಕಿತೆಂದು ಅಲ್ಲಿಗೇ ಬಿಡದೆ ಪೆಟ್ರೋಲಿನ ಹರಿವನ್ನೂ ನೋಡಲೇಬೇಕು. ಲೆಕ್ಕ ಸರಳ. ಪೂರ್ತಿ ಎಳೆಯುವಾಗ ಲೀಟರಿಗೆ 30 ಕಿ.ಮೀ. ಎಂದುಕೊಂಡರೂ 80ರ ವೇಗಕ್ಕೆ ಗಂಟೆಗೆ 2.7 ಲೀಟರ್, ಅಂದರೆ ನಿಮಿಷಕ್ಕೆ 45 ಮಿ.ಲೀ. ಬೇಕು. ಕಾರ್ಬೊರೇಟರ್ ಕಡೆಯ ಪೈಪ್ ಕಳಚಿ, ಟ್ಯಾಂಕ್ ಮುಚ್ಚಳ ಹಾಕಿಟ್ಟೇ, ಅಳತೆಯ ಬಾಟಲಿಗೆ ಬಿಡಿ. ನಿಮಿಷಕ್ಕೆ 150 ಮಿ.ಲೀ. ಆದರೂ ಬರಬೇಕು, ಎರಡನೇ ಮೂರನೇ ನಿಮಿಷದಲ್ಲೂ ಅಷ್ಟೇ ಬರಬೇಕು. ಹರಿವು ಬರಬರುತ್ತಾ ಸಣ್ಣದಾಗಿ, ಮುಚ್ಚಳ ತೆಗೆದ ಕೂಡಲೇ ಜೋರಾದರೆ ಮುಚ್ಚಳದ ಗಾಳಿತೂತು ಧೂಳಿನಿಂದ ಕಟ್ಟಿದೆ. ಮುಚ್ಚಳ ತೆಗೆದರೂ ಸಣ್ಣದಾಗಿಯೇ ಬಂದರೆ ಕಾಕ್‌ನ ಜಾಲರಿ ಅಥವಾ ಟ್ಯಾಂಕಿನ ತುಕ್ಕು. ಊರೊಳಗೆ ಚೆನ್ನಾಗಿ ಓಡಿ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಜಾಮ್ ಆಗುವ ಗಾಡಿಗಳಲ್ಲಿ ಇದು ಹಳೇ ರೋಗ. ಪೆಟ್ರೋಲಿನ ಈ ಪರೀಕ್ಷೆಯನ್ನು ಬಯಲಲ್ಲಿ, ಬೀಡಿ ಬೆಂಕಿಯಿಂದ ದೂರವಿರುವಲ್ಲಿ ಮಾಡಿ.

ಹೊಸ ಬೋರ್, ಅಥವಾ ಬೇರೆ ದಾರಿ

ಇಷ್ಟೆಲ್ಲ ಆದ ಮೇಲೆ ಬ್ಲಾಕ್ ಬಿಚ್ಚಿ. ನಿಮ್ಮದು ಈಗಾಗಲೇ 1.00. ಗೀರು ತೆಳುವಾಗಿದ್ದು, ಬೋರ್ ಗೇಜಿನಲ್ಲಿ ಅಳತೆ ಸರಿ ಬಂದರೆ, ಲೈನರಿಗೆ ಅಂಟಿದ ಅಲ್ಯೂಮಿನಿಯಂ ತೆಗೆದು ಹೋನ್ ಮಾಡಿ (ಕಲ್ಲಿನಿಂದ ಸಣ್ಣಗೆ ಉಜ್ಜಿ) ಹೊಸ ಪಿಸ್ಟನ್ ಹಾಕಬಹುದು. ಇಲ್ಲದಿದ್ದರೆ ಹೊಸ ಲೈನರ್ ಬಡಿಸಿ ಮತ್ತೆ ಸ್ಟ್ಯಾಂಡರ್ಡ್ 50 ಮಿ.ಮೀ.ಗೆ ತರಿಸುವುದು ಒಳ್ಳೆಯದು. ಲೈನರಿನ ಅಪಾಯ ಅದರ ಪೋರ್ಟುಗಳಲ್ಲಿದೆ. ಹಳೇ ಲೈನರಿನ ಪೋರ್ಟುಗಳ ಎತ್ತರ ಅಗಲ ಅಳೆದಿಟ್ಟುಕೊಂಡು ಅಷ್ಟೇ ಕೊರೆಯುವವರ ಬಳಿ ಮಾತ್ರ ಕೊಡಿ. ಬ್ಲಾಕಿನ ಪೋರ್ಟೂ ಲೈನರಿನ ಪೋರ್ಟೂ ಒಂದಕ್ಕೊಂದು ಕೂಡದಿದ್ದರೆ ಗಾಡಿ ಹಳೇ ಆರ್‌ಎಕ್ಸ್ ಥರ ಎಳೆಯುವುದಿಲ್ಲ.

ಲೇತ್‌ನವರ ಬಳಿ ಪಿಸ್ಟನ್ ತೆಗೆದುಕೊಂಡೇ ಹೋಗಿ. ಅಳತೆ ಬರೆದ ಚೀಟಿಗೆ ಬೋರ್ ಮಾಡಬಾರದು, ಆ ಪಿಸ್ಟನ್ನಿಗೇ ಮಾಡಬೇಕು. ಈಗ ಸಿಗುವುದು ಹೆಚ್ಚಾಗಿ ಬೇರೆ ಕಂಪನಿಗಳ ಪಿಸ್ಟನ್, ಒಂದೊಂದರ ಲೋಹ ಒಂದೊಂದು ಥರ ಹಿಗ್ಗುತ್ತದೆ. ಎಷ್ಟು ಸಡಿಲ ಬಿಡಬೇಕೆಂಬುದು ಪಿಸ್ಟನ್ನಿನ ಡಬ್ಬಿಯ ಮೇಲಿದ್ದರೆ ಅದನ್ನೇ ಪಾಲಿಸಿ. ಹೋದ ಎರಡು ಬೋರ್‌ಗಳಲ್ಲಿ ಸಡಿಲ ಕಡಿಮೆ ಬಿಟ್ಟಿದ್ದರೆ ಗೀರು ಒಂದೇ ಕಡೆ ಇರದೆ ನಾಲ್ಕು ಮೂಲೆಗಳಲ್ಲೂ ಇರಬೇಕಿತ್ತು. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಎಳೆದರೂ ಹಾಗೇ ನಾಲ್ಕು ಮೂಲೆ. ನಿಮ್ಮ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಇದನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ಬೋರ್ ಆದ ಮೇಲೆ ಪೋರ್ಟುಗಳ ಅಂಚು ಚಾಕುವಿನಂತೆ ಇರುತ್ತದೆ. ಅದನ್ನು ಸಣ್ಣ ಕಲ್ಲಿನಿಂದ ಇಳಿಜಾರು ಮಾಡಿಸಲೇಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಬಹಳ ಕಡೆ ಬಿಟ್ಟುಹೋಗುವ ಕೆಲಸ ಇದು, ಎದುರಿಗೆ ನಿಂತು ಮಾಡಿಸಿ. ಆಮೇಲೆ ಬ್ಲಾಕನ್ನು ಬಿಸಿನೀರು ಸೋಪು ಹಾಕಿ ಉಜ್ಜಿ, ಬಿಳಿ ಬಟ್ಟೆಗೆ ಕಪ್ಪು ಹತ್ತದ ತನಕ ತೊಳೆಯಿರಿ. ಪೆಟ್ರೋಲಿನಲ್ಲಿ ತೊಳೆದರೆ ಹೋನಿಂಗ್ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಒರೆಸಿದ ತಕ್ಷಣ ಆಯಿಲ್ ಹಚ್ಚಿ. ರಿಂಗನ್ನು ಬೋರಿನೊಳಗೆ ಸಮನಾಗಿ ಇಳಿಸಿ ಬಾಯಿಯ ಸಂದು ಅಳೆದರೆ 0.15ರಿಂದ 0.35 ಮಿ.ಮೀ. ಒಳಗಿರಬೇಕು. ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗೆ, ಲಾಕ್ ರಿಂಗ್ ಹೊಸದು. ಜೋಡಿಸಿದ ಮೇಲೆ ಕಿಕ್ ಹೊಡೆಯುವ ಮುಂಚೆ ಬಿಪಿ ಯಂತ್ರದ ಪರೀಕ್ಷೆ ಮತ್ತೊಮ್ಮೆ.

135ರ ಬ್ಲಾಕ್ ಬಗ್ಗೆ ಕೇಳಿದಿರಿ. ಸೋರುವ ಕೇಸಿನ ಮೇಲೆ ಅದನ್ನು ಕೂಡಿಸಿದರೆ ದೊಡ್ಡ ಪಿಸ್ಟನ್ ಜಾಮ್ ಆಗುತ್ತದೆ, ಅಷ್ಟೇ. ಎಂಜಿನ್ ಸಾಮರ್ಥ್ಯ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾದರೆ ಅಪಘಾತವಾದಾಗ ಇನ್ಶುರೆನ್ಸ್ ಕೈಕೊಡುವ ಭಯವಿದೆ, ನೋಂದಣಿ ನವೀಕರಣದಲ್ಲೂ ತಕರಾರು. ಮೂಲ ಎಂಜಿನ್ನಿನ 1994ರ ಗಾಡಿಗೆ ಈಗ ಇರುವ ಬೆಲೆಯೂ ಇಳಿಯುತ್ತದೆ.

ಆಯಿಲ್ ಪಂಪನ್ನು ಮತ್ತೆ ಕೂಡಿಸುವುದಾದರೆ ಸಂತೋಷ, ಆದರೆ ಕೇಬಲ್ಲಿನ ಗುರುತು ಹೊಂದಿಸಿ, ಪೈಪಿನ ಗಾಳಿಯನ್ನು ಬ್ಲೀಡ್ ಸ್ಕ್ರೂನಿಂದ ಪೂರ್ತಿ ತೆಗೆದು, ಮೊದಲ ಟ್ಯಾಂಕಿಗೆ ಲೀಟರಿಗೆ 20 ಮಿ.ಲೀ. ಪೆಟ್ರೋಲಿಗೂ ಬೆರೆಸಿ. ಕೂಡಿಸದಿದ್ದರೆ ನಿಪ್ಪಲ್ ತೂತಿಗೆ ಥ್ರೆಡ್ ಕೊರೆದು ತಾಮ್ರದ ವಾಷರ್ ಸಮೇತ ಬೋಲ್ಟ್ ಹಾಕಿಸಿ. ಪೆಟ್ರೋಲಿಗೇ ಬೆರೆಸಿ ಓಡಿಸುವವರು ಸಂಡೂರಿನ ಇಳಿಜಾರುಗಳಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬಾರದು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲು ಬಾರದ ಕಾರಣ ಆಯಿಲ್ಲೂ ಬರುವುದಿಲ್ಲ. ನಡುನಡುವೆ ಸ್ವಲ್ಪ ಥ್ರಾಟಲ್ ಕೊಡುತ್ತಾ ಇಳಿಯಿರಿ.

ಜೆಟ್ ವಿಷಯ ಕೊನೆಗೆ. ಸೋರಿಕೆ ನಿಂತ ಮೇಲೆಯೇ ಇದನ್ನು ಮುಟ್ಟಬೇಕು. ಈಗಿರುವ ಮೇನ್ ಜೆಟ್ಟಿನ ಮೇಲಿನ ನಂಬರ್ ನೋಡಿ, ಅದಕ್ಕಿಂತ 5 ಹೆಚ್ಚಿನದು ಹಾಕಿ. ಸ್ಲೈಡಿನ ಸೂಜಿಯ ಕ್ಲಿಪ್ಪನ್ನು ಒಂದು ತೋಡು ಕೆಳಗಿಳಿಸಿದರೆ ಸೂಜಿ ಮೇಲೇರಿ ನಡು ಥ್ರಾಟಲ್ ದಪ್ಪವಾಗುತ್ತದೆ. ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ ಅಲ್ಲಿಂದ ಶುರು ಮಾಡಿ. ಈ ಸ್ಕ್ರೂ ಒಳಗೆ ಹೋದಷ್ಟೂ ಮಿಶ್ರಣ ದಪ್ಪ. ಪ್ಲಗ್ ಬದಲಿಸುವಾಗ ನಂಬರಿನಲ್ಲಿ ಮೋಸ ಹೋಗಬೇಡಿ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದರೆ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ನಂಬರ್ ದೊಡ್ಡದಾದರೆ ಬಿಸಿಯದು. ಬಿಸಿ ಪ್ಲಗ್ ಹಾಕಿ ಹೆದ್ದಾರಿಯಲ್ಲಿ ಎಳೆದು ಪಿಸ್ಟನ್ ತಲೆ ಸುಟ್ಟುಕೊಂಡವರಿದ್ದಾರೆ.

ಹೊಸ ಪಿಸ್ಟನ್ನಿಗೆ ಮೊದಲು ಮೂರು ಸಲ, ರೆಕ್ಕೆ ಮುಟ್ಟಲಾಗದಷ್ಟು ಬಿಸಿ ಮಾಡಿ, ಪೂರ್ತಿ ಆರಲು ಬಿಡಿ. ಆರಿದ ಮೇಲೆ ಹೆಡ್ ನಟ್ಟುಗಳನ್ನು ಎದುರು ಬದುರಾಗಿ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ. ಮೊದಲ 500 ಕಿ.ಮೀ. ಅರ್ಧ ಥ್ರಾಟಲ್ ದಾಟಬೇಡಿ, ಒಂದೇ ವೇಗದಲ್ಲಿ ಹೋಗಬೇಡಿ, ಸಾಧ್ಯವಾದರೆ ಬೆಳಗಿನ ತಂಪಿನಲ್ಲಿ ಓಡಿಸಿ. ಈ ದಿನಗಳಲ್ಲಿ ಎಡಗೈಯ ಎರಡು ಬೆರಳು ಕ್ಲಚ್ ಮೇಲೇ ಇರಲಿ. ಎಳೆತ ತಟ್ಟನೆ ಕುಗ್ಗಿ ಸದ್ದು ಬಿಗಿಯಾದಂತೆ ಕೇಳಿದರೆ ಜಾಮ್ ಆಗುವ ಮುನ್ಸೂಚನೆ: ಕೂಡಲೇ ಕ್ಲಚ್ ಹಿಡಿದು, ಥ್ರಾಟಲ್ ಮುಚ್ಚಿ, ಎಡಕ್ಕೆ ಸರಿಯಿರಿ. ಆ ರಸ್ತೆಗಳಲ್ಲಿ ಹಿಂದೆ ಲಾರಿ ಇರುವಾಗ ಚಕ್ರ ಹಿಡಿದರೆ ಹೋಗುವುದು ಎಂಜಿನ್ ಮಾತ್ರವಲ್ಲ. ನಿಂತ ಮೇಲೆ ನೀರು ಸುರಿಯಬೇಡಿ, ಬ್ಲಾಕು ಬಿರುಕು ಬಿಡಬಹುದು. ನೆರಳಲ್ಲಿ ಅರ್ಧ ಗಂಟೆ ಬಿಟ್ಟು, ಕಿಕ್ ಸಲೀಸಾಗಿ ತಿರುಗಿದರೂ ಒಳಗೆ ಸದ್ದಿದ್ದರೆ ಓಡಿಸದೆ ಟೆಂಪೊದಲ್ಲಿ ಹಾಕಿಕೊಂಡು ಬನ್ನಿ. ಈಗ ನಿಮ್ಮ ಗಾಡಿಯಲ್ಲಿ ಆ ಕಟಕಟ ಸದ್ದು ಇದೆ, ಹಾಗಾಗಿ ಪರೀಕ್ಷೆ ಮುಗಿಯುವ ತನಕ ಕಾಲೋನಿ ಸುತ್ತಲೂ ಓಡಿಸಬೇಡಿ.